‘ಅಪ್ಪ ಬೇಡ, ಅಮ್ಮನೇ ಬೇಕು’ ಎನ್ನುವ ಮಗಳು

ಪ್ರಶ್ನೆ: ನನಗೆ 35 ವರ್ಷ, ಊರು ದಾವಣಗೆರೆ. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಮಗಳಿಗೆ ಮೂರೂವರೆ ವರ್ಷ, ಮಗನಿಗೆ ಎಂಟು ತಿಂಗಳು. ಹೆಂಡತಿ ಬ್ಯಾಂಕ್ ಉದ್ಯೋಗಿ. ಹೆರಿಗೆ ರಜೆ ಮುಗಿಸಿ ಎರಡು ತಿಂಗಳ ಹಿಂದೆ ಕೆಲಸಕ್ಕೆ ಮರಳಿದ್ದಾಳೆ. ಹಗಲು ನಾನೂ ನನ್ನ ತಾಯಿಯೂ ಸೇರಿ ಮಕ್ಕಳನ್ನು ನೋಡಿಕೊಳ್ಳುತ್ತೇವೆ. ಹೆಂಡತಿಗೆ ಎಲ್ಲದರಲ್ಲೂ ಸಹಾಯ ಮಾಡುತ್ತೇನೆ: ಮಗನ ಬಟ್ಟೆ ಬದಲಿಸುತ್ತೇನೆ, ರಾಗಿ ಸರಿ ತಿನ್ನಿಸುತ್ತೇನೆ, ಮಗಳನ್ನು ಶಾಲೆಗೆ ಬಿಟ್ಟು ಕರೆತರುತ್ತೇನೆ. ಆದರೂ ರಾತ್ರಿಯಾದರೆ ಮಗಳು ‘ಅಪ್ಪ ಬೇಡ, ಅಮ್ಮನೇ ಬೇಕು’ ಎಂದು ಕಾಲಿನಿಂದ ಒದ್ದು ದೂಡುತ್ತಾಳೆ. ತಾಯಿ ‘ಗಂಡಸರು ಮಾಡುವ ಕೆಲಸವೇ ಇದು?’ ಎಂದು ಮುಖ ತಿರುಗಿಸುತ್ತಾರೆ. ನಿಜ ಹೇಳಬೇಕೆಂದರೆ ಎಷ್ಟೋ ಸಲ ನನಗೆ ಬೇಸರವೇ ಆಗುತ್ತದೆ. ಹೋದ ವಾರ ಮಗನ ಅಳು ನಿಲ್ಲದೆ ಅವನ ಮೇಲೆ ಗಟ್ಟಿಯಾಗಿ ಕೂಗಿಬಿಟ್ಟೆ. ಅವನು ಬೆಚ್ಚಿಬಿದ್ದ ಮುಖ ಕಣ್ಣಿಗೆ ಕಟ್ಟಿದಂತಿದೆ. ಮಕ್ಕಳನ್ನು ನೋಡಿಕೊಳ್ಳುವುದರಲ್ಲಿ ಸಂತೋಷವಿದೆ ಎನ್ನುತ್ತಾರಲ್ಲ, ಅದು ನನಗೇಕೆ ಸಿಗುತ್ತಿಲ್ಲ? ನಾನು ಇಷ್ಟೆಲ್ಲ ಸಹಾಯ ಮಾಡುವುದರಿಂದ ಮಕ್ಕಳಿಗೆ ನಿಜಕ್ಕೂ ಉಪಯೋಗವಿದೆಯೇ? ಕೊನೆಯದಾಗಿ, ನಗಬೇಡಿ: ಮಗಳಿಗೆ ಜಡೆ ಹೆಣೆಯಲು ನನಗೆ ಬರುವುದಿಲ್ಲ. ಶಾಲೆಯಲ್ಲಿ ಅವಳ ತಲೆ ನೋಡಿ ‘ಇವತ್ತು ಅಪ್ಪ ಕಳಿಸಿದ್ದಾರೆ’ ಎಂದು ನಗುತ್ತಾರಂತೆ.

ಉತ್ತರ: ನಗುವುದಿಲ್ಲ. ಜಡೆಯ ವಿಚಾರ ಚಿಕ್ಕದೇನಲ್ಲ, ಕೊನೆಯಲ್ಲಿ ಅದಕ್ಕೆ ಬರುತ್ತೇನೆ.

ಇಪ್ಪತ್ತಾರು ವರ್ಷಗಳಿಂದ ಮೈಸೂರಿನಲ್ಲಿ ಮಕ್ಕಳ ವೈದ್ಯನಾಗಿದ್ದೇನೆ. ಗಂಡ ಹೆಂಡತಿ ಇಬ್ಬರೂ ಮಗುವನ್ನು ಕರೆತಂದಾಗ ನಾನು ಬೇಕೆಂದೇ ಅಪ್ಪನ ಮುಖ ನೋಡಿ ಕೇಳುತ್ತೇನೆ: ನಿನ್ನೆಯಿಂದ ಎಷ್ಟು ಸಲ ಭೇದಿಯಾಯಿತು? ಕೊನೆಯ ಸಲ ಮೂತ್ರ ಮಾಡಿದ್ದು ಎಷ್ಟು ಹೊತ್ತಿಗೆ? ಬಹುಪಾಲು ಅಪ್ಪಂದಿರು ಉತ್ತರಕ್ಕಾಗಿ ಹೆಂಡತಿಯ ಕಡೆ ತಿರುಗುತ್ತಾರೆ. ಬೈಕು ಓಡಿಸಿಕೊಂಡು ಬಂದವರು ಅವರೇ, ಟೋಕನ್ ತೆಗೆದವರು ಅವರೇ, ಔಷಧದ ಬಿಲ್ ಕಟ್ಟುವವರೂ ಅವರೇ. ಮಗುವಿನ ಲೆಕ್ಕ ಮಾತ್ರ ಅವರ ಹತ್ತಿರ ಇರುವುದಿಲ್ಲ.

ನೀವು ಆ ಗುಂಪಿನವರಲ್ಲ ಎನ್ನುವುದು ಪತ್ರ ಓದಿದರೆ ತಿಳಿಯುತ್ತದೆ. ಆದರೆ ಅದರಲ್ಲಿ ಎರಡು ಸಲ ಬಂದ ಒಂದು ಪದದ ಹತ್ತಿರ ನಾನು ನಿಂತೆ: ಸಹಾಯ. ಸಹಾಯ ಮಾಡುವವನು ಹೇಳಿದ್ದನ್ನು ಮಾಡುತ್ತಾನೆ. ಡೈಪರ್ ತಂದುಕೊಡಿ ಎಂದರೆ ತರುತ್ತಾನೆ. ಪೊಟ್ಟಣ ಮುಗಿಯುತ್ತ ಬಂದಿದೆ ಎಂದು ರಾತ್ರಿ ಹನ್ನೊಂದಕ್ಕೆ ಥಟ್ಟನೆ ಹೊಳೆಯುವುದು ಇನ್ನೊಬ್ಬರಿಗೆ. ನೀವು ಸರಿ ತಿನ್ನಿಸುತ್ತೀರಿ, ಒಳ್ಳೆಯದು. ರಾಗಿಯನ್ನು ತೊಳೆದು ನೆನೆಹಾಕಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ಡಬ್ಬಿ ತುಂಬಿಸಿದವರು ಯಾರು? ಆ ಡಬ್ಬಿಯ ತಳ ಕಾಣತೊಡಗಿದೆ ಎಂದು ಈ ಹೊತ್ತು ಯಾರಿಗೆ ಗೊತ್ತಿದೆ? ನಿಮಗೆ ಗೊತ್ತಿದ್ದರೆ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಇಲ್ಲವಾದರೆ, ನಿಮ್ಮ ಬೇಸರದ ಬೇರು ಅಲ್ಲಿಯೇ ಇರಬಹುದು ಎನ್ನುವುದು ನನ್ನ ಗುಮಾನಿ. ಇನ್ನೊಬ್ಬರ ಕೆಲಸಕ್ಕೆ ಕೈ ಜೋಡಿಸುವವನಿಗೆ ದಣಿವು ಪೂರ್ತಿ ಸಿಗುತ್ತದೆ, ಕೆಲಸದ ರುಚಿ ಸಿಗುವುದಿಲ್ಲ. ಅಡುಗೆ ಭಟ್ಟರಿಗೆ ಈರುಳ್ಳಿ ಹೆಚ್ಚಿಕೊಡುವ ಹುಡುಗನನ್ನು ಕೇಳಿ ನೋಡಿ.

ಮೊದಲು ಮಗಳ ವಿಚಾರ. ಅವಳ ಕಡೆಯಿಂದ ಈ ಎಂಟು ತಿಂಗಳನ್ನು ಒಮ್ಮೆ ನೋಡಿ. ಒಬ್ಬ ತಮ್ಮ ಬಂದ. ಅಮ್ಮನ ಮಡಿಲು ಅವನದಾಯಿತು. ಆರು ತಿಂಗಳು ಕಳೆದು ಅದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಅಮ್ಮ ಬ್ಯಾಂಕಿಗೆ ಹೊರಟಳು. ಈಗ ಹಗಲಿನಲ್ಲಿ ಅಮ್ಮ ಇಲ್ಲ. ಸಂಜೆ ಬಂದ ಅಮ್ಮನ ಎದೆಗೆ ತಮ್ಮ ಅಂಟಿಕೊಂಡಿರುತ್ತಾನೆ. ಅವಳ ಪಾಲಿಗೆ ಉಳಿದಿರುವುದು ಮಲಗುವ ಮುಂಚಿನ ಅರ್ಧ ಗಂಟೆ. ಅದನ್ನೂ ನೀವು ತೆಗೆದುಕೊಳ್ಳಲು ಹೋದರೆ ಒದೆಯದೆ ಇನ್ನೇನು ಮಾಡಿಯಾಳು? ಮನೆಗೆ ಬಂದ ನೆಂಟರನ್ನು ಅವಳು ಒದೆಯುವುದಿಲ್ಲ, ಗಮನಿಸಿದ್ದೀರಾ? ಒದ್ದರೂ ಬಿಟ್ಟುಹೋಗುವುದಿಲ್ಲ ಎಂದು ಖಾತ್ರಿಯಿರುವವರನ್ನೇ ಮಕ್ಕಳು ಒದೆಯುವುದು. ಆ ಒದೆತ ನಿಮಗೆ ಸಿಕ್ಕಿರುವ ಕೆಟ್ಟ ಅಂಕವೆಂದು ಓದಿಕೊಳ್ಳಬೇಡಿ.

ಹಾಗಾಗಿ ಸದ್ಯ ಆ ಅರ್ಧ ಗಂಟೆಗಾಗಿ ಪೈಪೋಟಿ ಬೇಡ. ಆ ಹೊತ್ತಿಗೆ ಮಗನನ್ನು ಎತ್ತಿಕೊಂಡು ನೀವು ಟೆರೇಸಿಗೆ ಹೋಗಿ, ಮಗಳಿಗೆ ಅಮ್ಮನನ್ನು ಬಿಟ್ಟುಕೊಡಿ. ಅವಳೊಡನೆ ನಿಮ್ಮ ಹೊತ್ತು ಬೇರೆ ಕಡೆ ಇರಲಿ. ಶಾಲೆಯಿಂದ ಮನೆಗೆ ಬರುವ ದಾರಿ ನಿಮ್ಮ ಕೈಯಲ್ಲೇ ಇದೆ. ಆ ಹಾದಿಯಲ್ಲಿ ಒಂದು ದಿನವೂ ತಪ್ಪದ ಒಂದು ಕೆಲಸ ಇಟ್ಟುಕೊಳ್ಳಿ. ಒಂದೇ ಗೇಟಿನ ಒಳಗಿರುವ ನಾಯಿಯನ್ನು ಮಾತಾಡಿಸುವುದು, ಮನೆಯ ಮೆಟ್ಟಿಲ ಬುಡದಿಂದ ಅವಳನ್ನು ಕೂಸುಮರಿ ಮಾಡಿ ‘ಉಪ್ಪು ಬೇಕೇ ಉಪ್ಪು’ ಎಂದು ಕೂಗುತ್ತ ಹತ್ತುವುದು, ಏನಾದರೂ ಸರಿ. ದೊಡ್ಡವರಿಗೆ ಹುಚ್ಚು ಹಿಡಿಸುವಷ್ಟು ಒಂದೇ ಸಮನೆ ಇರಬೇಕು, ಅಷ್ಟೇ. ಮುಂದೆ ಅಮ್ಮನಿಲ್ಲದ ರಾತ್ರಿಯೊಂದರಲ್ಲಿ ನೀವೇ ಮಲಗಿಸಬೇಕಾಗಿ ಬಂದರೆ, ‘ಅಮ್ಮ ಬೇಕು ಅನ್ನಿಸುತ್ತಿದೆ, ಗೊತ್ತು, ಇವತ್ತು ನಾನು ಮಲಗಿಸುತ್ತೇನೆ’ ಎಂದು ಒಂದು ಸಲ ಹೇಳಿ ಪಕ್ಕದಲ್ಲಿ ಇರಿ. ಅತ್ತರೆ ಅಳಲಿ, ನೀವು ಅಲ್ಲಿಂದ ಏಳಬೇಡಿ. ಚಾಕೊಲೇಟು, ಮೊಬೈಲು ತೋರಿಸಿ ಮನಸ್ಸು ಗೆಲ್ಲಲು ಹೋಗಬೇಡಿ. ಮಕ್ಕಳು ಲಂಚವನ್ನು ತೆಗೆದುಕೊಳ್ಳುತ್ತಾರೆ, ಕೊಟ್ಟವರನ್ನು ಲೆಕ್ಕಕ್ಕೆ ಇಡುವುದಿಲ್ಲ.

ಮಗನ ಕಡೆಯಿಂದಲೂ ಇಂಥದೇ ಒಂದು ಪೆಟ್ಟು ಬರಲಿದೆ, ಈಗಲೇ ಹೇಳಿಬಿಡುತ್ತೇನೆ. ಎಂಟು ತಿಂಗಳ ಸುಮಾರಿಗೆ ಮಕ್ಕಳಲ್ಲಿ ಅಗಲಿಕೆಯ ಭಯ ಶುರುವಾಗುತ್ತದೆ. ಕಣ್ಣಿಗೆ ಕಾಣದ ಅಮ್ಮ ಎಲ್ಲೋ ಇದ್ದಾಳೆ ಎಂದು ಆಗಷ್ಟೇ ತಿಳಿಯತೊಡಗಿರುತ್ತದೆ, ತಿರುಗಿ ಬರುತ್ತಾಳೆ ಎನ್ನುವುದು ಇನ್ನೂ ತಿಳಿದಿರುವುದಿಲ್ಲ. ಹತ್ತರಿಂದ ಹದಿನೆಂಟು ತಿಂಗಳ ನಡುವೆ ಇದು ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಬೆಳಿಗ್ಗೆ ಹೆಂಡತಿ ಕದ್ದು ಹೊರಡುವುದು ಬೇಡ. ಟಾಟಾ ಹೇಳಿಯೇ ಹೋಗಲಿ, ಅವನು ನಿಮ್ಮ ಕೈಯಲ್ಲಿ ಅಳಲಿ. ಅವಳು ಬಾಗಿಲು ದಾಟಿದ ಮೇಲೆ ಅಳು ಎಷ್ಟು ನಿಮಿಷ ಇತ್ತು ಎಂದು ಗಡಿಯಾರ ನೋಡಿ ಬರೆದಿಡಿ. ನಿಮ್ಮ ಎಣಿಕೆಗಿಂತ ಕಡಿಮೆಯೇ ಇರುತ್ತದೆ.

ಉಪಯೋಗವಿದೆಯೇ ಎಂದು ಕೇಳಿದ್ದೀರಿ. ಮಕ್ಕಳಿಗೆ ಎಂದು ಕೇಳಿದ್ದೀರಿ. ನಾನು ನಿಮ್ಮಿಂದಲೇ ಶುರು ಮಾಡುತ್ತೇನೆ. ತಾಯ್ತನ ಹೆಣ್ಣಿನ ರಕ್ತದಲ್ಲೇ ಇದೆ, ಗಂಡಸಿಗೆ ಅದು ಕಲಿತ ವಿದ್ಯೆ ಎಂದು ನಮ್ಮ ವೈದ್ಯಕೀಯ ಪಾಠಗಳೂ ಬಹಳ ಕಾಲ ನಂಬಿದ್ದವು. ಫಿಲಿಪ್ಪೀನ್ಸ್‌ನ ಸೆಬು ಎಂಬಲ್ಲಿ ಆರುನೂರಕ್ಕೂ ಹೆಚ್ಚು ಯುವಕರನ್ನು ವರ್ಷಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅಪ್ಪಂದಿರಾದವರಲ್ಲಿ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಮಟ್ಟ ಗಣನೀಯವಾಗಿ ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಮಕ್ಕಳ ಆರೈಕೆ ಮಾಡುವವರಲ್ಲಿ ಇನ್ನೂ ಕಡಿಮೆ ಇತ್ತು. ಗಾಬರಿಯಾಗಬೇಡಿ, ಗಂಡಸುತನಕ್ಕೆ ಕುಂದೇನೂ ಇಲ್ಲ. ಬೇಟೆಗೆ ಹೊರಡುವ ಮೈ ಬೇರೆ, ತೊಟ್ಟಿಲ ಬಳಿ ಕೂರುವ ಮೈ ಬೇರೆ. ದೇಹಕ್ಕೆ ಎರಡೂ ಗೊತ್ತು. 2014ರಲ್ಲಿ ಇಸ್ರೇಲಿನ ಸಂಶೋಧಕರು ಚೊಚ್ಚಲ ಮಗುವಿನ ತಂದೆತಾಯಿಯರ ಮಿದುಳಿನ ಚಿತ್ರ ತೆಗೆದು ನೋಡಿದರು. ಮಗುವಿನ ಮುಖ್ಯ ಹೊಣೆಯನ್ನು ತಾವೇ ಹೊತ್ತ ಅಪ್ಪಂದಿರಲ್ಲಿ ಅಮಿಗ್ಡಲಾ ಎಂಬ ಎಚ್ಚರಿಕೆಯ ಗಂಟೆ ತಾಯಂದಿರಲ್ಲಿ ಹೇಗೋ ಹಾಗೆಯೇ ಚುರುಕಾಗಿತ್ತು. ಹೊಣೆ ಹೊರದ ಅಪ್ಪಂದಿರಲ್ಲಿ ಅಷ್ಟು ಇರಲಿಲ್ಲ. ಮಗುವಿನೊಡನೆ ಕಳೆದ ಹೊತ್ತು ಹೆಚ್ಚಿದಷ್ಟೂ ಆ ಭಾಗಕ್ಕೂ ಇನ್ನೊಬ್ಬರ ಮನಸ್ಸನ್ನು ಓದುವ ಭಾಗಕ್ಕೂ ನಡುವಿನ ಜೋಡಣೆ ಗಟ್ಟಿಯಾಗಿತ್ತು. ಹೊತ್ತು ಕಳೆದದ್ದರಿಂದ ಜೋಡಣೆ ಬೆಳೆಯಿತೇ, ಜೋಡಣೆ ಇದ್ದವರು ಹೊತ್ತು ಕಳೆದರೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ, ಒಂದು ಅಧ್ಯಯನ ಅದನ್ನು ಬಿಡಿಸುವುದಿಲ್ಲ. ನನ್ನ ಮೇಜಿನ ಈ ಕಡೆಯಿಂದ ನೋಡಿದ್ದನ್ನು ಹೇಳುವುದಾದರೆ, ಹೆಂಡತಿ ಕಾಯಿಲೆ ಬಿದ್ದು ಅನಿವಾರ್ಯವಾಗಿ ಮಗುವನ್ನು ಕೈಗೆತ್ತಿಕೊಂಡ ಒರಟು ಗಂಡಸರೂ ಮೂರು ತಿಂಗಳಲ್ಲಿ ಮಗುವಿನ ಉಸಿರಾಟದ ವ್ಯತ್ಯಾಸ ಹೇಳುವಷ್ಟು ಸೂಕ್ಷ್ಮವಾಗಿದ್ದನ್ನು ಕಂಡಿದ್ದೇನೆ. ಮಧ್ಯ ಆಫ್ರಿಕಾದ ಕಾಡುಗಳಲ್ಲಿ ಅಕಾ ಎಂಬ ಜನರಿದ್ದಾರೆ. ಅವರಲ್ಲಿ ಅಪ್ಪಂದಿರು ದಿನದ ಹೆಚ್ಚುಕಡಿಮೆ ಅರ್ಧ ಹೊತ್ತು ಕೂಸನ್ನು ಎತ್ತಿಕೊಂಡೋ ಕೈಗೆಟಕುವ ದೂರದಲ್ಲೋ ಇರುತ್ತಾರೆ ಎಂದು ಅವರ ನಡುವೆ ಬದುಕಿದ ಮಾನವಶಾಸ್ತ್ರಜ್ಞರು ದಾಖಲಿಸಿದ್ದಾರೆ. ನಿಮ್ಮ ತಾಯಿಗೆ ಇದನ್ನು ಹೇಳಬೇಡಿ. ‘ಕಾಡಿನವರ ಮಾತು ನಮಗೇಕೆ’ ಎನ್ನುತ್ತಾರೆ.

ಮಕ್ಕಳಿಗೆ ಆಗುವ ಉಪಯೋಗ ಇದರಿಂದಲೇ ಹುಟ್ಟುತ್ತದೆ. ಮನೆಯಲ್ಲಿ ಮಗುವನ್ನು ಬಲ್ಲವರು ಒಬ್ಬರ ಬದಲು ಇಬ್ಬರಾಗುತ್ತಾರೆ. ಒಬ್ಬರ ತಾಳ್ಮೆ ತೀರಿದಾಗ ಇನ್ನೊಬ್ಬರದು ಇರುತ್ತದೆ. ಮಾತೂ ಹಾಗೆಯೇ. ಅಮ್ಮನಿಗೆ ಮಗುವಿನ ತೊದಲು ಅರ್ಧಕ್ಕೇ ಅರ್ಥವಾಗಿಬಿಡುತ್ತದೆ, ಅಪ್ಪ ‘ಏನು? ಏನೆಂದೆ?’ ಎಂದು ಕೇಳುತ್ತಾನೆ, ಮಗು ಮತ್ತೆ ಹೇಳಲು ಹೆಣಗುತ್ತದೆ. ಆ ಹೆಣಗಾಟ ಒಳ್ಳೆಯದು. ಇದಕ್ಕಿಂತ ದೊಡ್ಡ ಭರವಸೆಗಳನ್ನು, ಅಂದರೆ ಅಪ್ಪ ಸ್ನಾನ ಮಾಡಿಸಿದರೆ ಮಗು ಮುಂದೆ ರ‍್ಯಾಂಕ್ ಬರುತ್ತದೆ ಎನ್ನುವಂಥದ್ದನ್ನು, ಯಾರು ಕೊಟ್ಟರೂ ನಂಬಬೇಡಿ.

ಇನ್ನು ಸಂತೋಷ. ಇದಕ್ಕೆ ಪುಸ್ತಕದ ಉತ್ತರ ನನ್ನಲ್ಲಿಲ್ಲ, ಮನೆಯ ಕಥೆಯೊಂದಿದೆ.

ನಮ್ಮ ಮಗನಿಗೆ ಹದಿನಾಲ್ಕು ತಿಂಗಳಾಗಿದ್ದಾಗ ನನ್ನ ಹೆಂಡತಿ ಅವಳ ತಾಯಿಯ ಶಸ್ತ್ರಚಿಕಿತ್ಸೆಗೆಂದು ಮೂರು ವಾರ ಊರಿಗೆ ಹೋಗಬೇಕಾಯಿತು. ಆಸ್ಪತ್ರೆಗೆ ಮಗುವನ್ನು ಒಯ್ಯುವಂತಿರಲಿಲ್ಲ. ಅಷ್ಟು ಹೊತ್ತಿಗೆ ನಾನು ಎಷ್ಟೋ ತಾಯಂದಿರಿಗೆ ಮಗುವನ್ನು ಮಲಗಿಸುವ ಬಗೆ ಹೇಳಿಕೊಟ್ಟಿದ್ದ ವೈದ್ಯ. ಮೊದಲ ರಾತ್ರಿ ಎರಡು ಗಂಟೆಗೆ ಎದ್ದು ಅಳತೊಡಗಿದ. ಎತ್ತಿಕೊಂಡೆ, ತಟ್ಟಿದೆ, ನೀರು ಕುಡಿಸಿದೆ, ಕಿಟಕಿಯಲ್ಲಿ ಚಂದ್ರನನ್ನು ಹುಡುಕಿದೆ. ಅವತ್ತು ಚಂದ್ರನೂ ಇರಲಿಲ್ಲ. ಹಾಡಬೇಕು ಎನ್ನಿಸಿತು, ಒಂದು ಜೋಗುಳವೂ ನೆನಪಾಗಲಿಲ್ಲ. ನಮ್ಮ ಜೋಗುಳಗಳೆಲ್ಲ ಹೆಂಗಸರ ಬಾಯಲ್ಲೇ ಬೆಳೆದವು, ಗಂಡುಮಕ್ಕಳಿಗೆ ಯಾರೂ ಕಲಿಸಿಕೊಡುವುದಿಲ್ಲ. ಕೊನೆಗೆ ನನ್ನ ಬಾಯಿಗೆ ಬಂದದ್ದು ಮಗ್ಗಿ. ಹದಿಮೂರೊಂದಲ ಹದಿಮೂರು, ಹದಿಮೂರೆರಡಲ ಇಪ್ಪತ್ತಾರು. ಪ್ರಾಥಮಿಕ ಶಾಲೆಯಲ್ಲಿ ರಾಗವಾಗಿ ಹೇಳುತ್ತಿದ್ದೆವಲ್ಲ, ಹಾಗೆಯೇ. ಹದಿನೇಳರ ಮಗ್ಗಿ ಮುಗಿಯುವ ಹೊತ್ತಿಗೆ ಅವನು ನನ್ನ ಕಿವಿಯನ್ನು ಹಿಡಿದುಕೊಂಡೇ ನಿದ್ದೆ ಹೋಗಿದ್ದ. ಹೆಂಡತಿ ಮರಳಿ ಬಂದು ಹಾಡಿದರೆ ಒಪ್ಪಲಿಲ್ಲ. ಇನ್ನೆರಡು ವರ್ಷ ನಮ್ಮ ಮನೆಯಲ್ಲಿ ಮಗ್ಗಿಯೇ ಜೋಗುಳ. ಗಣಿತ ಚೆನ್ನಾಗಿ ಬಂತೇ ಎಂದು ಕೇಳಬೇಡಿ, ಬರಲಿಲ್ಲ.

ಆ ಮೂರು ವಾರದಲ್ಲಿ ನನಗೆ ಖುಷಿಯಾಗಿತ್ತೇ? ಬಹುಪಾಲು ಹೊತ್ತು ಇಲ್ಲ. ಒಂದೇ ಲೋಟವನ್ನು ಇಪ್ಪತ್ತೆಂಟು ಸಲ ನೆಲಕ್ಕೆ ಬೀಳಿಸುವುದನ್ನು ನೋಡುತ್ತ ಕೂರುವುದು ಬೇಸರದ ಕೆಲಸವೇ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಮ್ಮಂದಿರಿಗೂ ಬೇಸರವಾಗುತ್ತದೆ, ಅವರಿಗೆ ಅದನ್ನು ಹೇಳುವ ಸ್ವಾತಂತ್ರ್ಯವಿಲ್ಲ ಅಷ್ಟೇ. ಆದರೆ ಹತ್ತನೆಯ ದಿನವೋ ಏನೋ, ಅವನ ಅಳು ಕೇಳಿ ಕಣ್ಣು ಬಿಡುವ ಮುಂಚೆಯೇ ಇದು ಹಸಿವಿನದಲ್ಲ, ಹಲ್ಲಿನದು ಎಂದು ನನಗೆ ಗೊತ್ತಾಯಿತು. ಹೇಗೆ ಗೊತ್ತಾಯಿತು ಎಂದರೆ ಹೇಳಲಾರೆ. ಎಂಬಿಬಿಎಸ್, ಎಂಡಿ ಎರಡೂ ಕಲಿಸದಿದ್ದದ್ದು ಅದು. ಬಡಗಿಗೆ ಮರದ ನರ ಕೈಗೆ ಹತ್ತುವಾಗ, ಡ್ರೈವರಿಗೆ ಗೇರಿನ ಸದ್ದು ಕಾಲಿಗೆ ಹತ್ತುವಾಗ ಇಂಥದೊಂದು ಸುಖ ಆಗುತ್ತಿರಬೇಕು. ನಾನು ಬಲ್ಲ ಅಪ್ಪಂದಿರ ಸಂತೋಷ ಬಹುಪಾಲು ಈ ಜಾತಿಯದು. ಮಗು ನಕ್ಕಾಗ ಫೋಟೊ ತೆಗೆಯುವವರಿಗೆ ಸಿಗುವ ಸಂತೋಷ ಬೇರೆ, ಅದೂ ಇರಲಿ. ನಿಮಗೆ ಎರಡು ತಿಂಗಳಷ್ಟೇ ಆಗಿದೆ. ಬೇಸರವಿಲ್ಲದೆ ಯಾವ ಕಸುಬೂ ಕೈಗೆ ಹತ್ತಿದ್ದನ್ನು ನಾನು ಕಂಡಿಲ್ಲ.

ಹಾಗಾಗಿ ಒಂದಷ್ಟನ್ನು ಪೂರ್ತಿ ನಿಮ್ಮದಾಗಿಸಿಕೊಳ್ಳಿ, ಬುಡದಿಂದ ತುದಿಯವರೆಗೆ. ಮಗನ ಊಟ ಎಂದರೆ ರಾಗಿ ಕೊಳ್ಳುವುದರಿಂದ ಬಟ್ಟಲು ತೊಳೆಯುವವರೆಗೆ. ಲಸಿಕೆಯನ್ನೂ ತೆಗೆದುಕೊಳ್ಳಿ. ಮುಂದಿನ ತಿಂಗಳು ಅವನಿಗೆ ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಬರುತ್ತದೆ, ಜೊತೆಗೆ ವಿಟಮಿನ್ ಎ ಹನಿ. ದಿನಾಂಕ ನೆನಪಿಡುವುದು, ಕಾರ್ಡು ಹುಡುಕುವುದು, ಒಯ್ಯುವುದು, ಆ ರಾತ್ರಿಯ ಕಿರಿಕಿರಿಗೆ ಎಚ್ಚರವಿರುವುದು ಎಲ್ಲ ನಿಮ್ಮದು. ಆ ಕಾರ್ಡನ್ನು ನಮ್ಮಲ್ಲಿ ತಾಯಿ ಕಾರ್ಡ್ ಎಂದೇ ಕರೆಯುತ್ತಾರೆ. ನೀವೊಬ್ಬರೇ ಹೋದರೆ ‘ತಾಯಿ ಎಲ್ಲಿ?’ ಎಂದು ಕೇಳುವವರು ಸಿಗುತ್ತಾರೆ. ‘ಬ್ಯಾಂಕಿನಲ್ಲಿ’ ಎನ್ನಿ, ಸಾಕು. ಇನ್ನೊಂದು: ವಾರಕ್ಕೊಮ್ಮೆ, ಭಾನುವಾರ ನಾಲ್ಕು ಗಂಟೆ ಹೊತ್ತು, ಇಬ್ಬರೂ ಮಕ್ಕಳು ನಿಮ್ಮೊಬ್ಬರ ಸುಪರ್ದಿಯಲ್ಲಿರಲಿ. ಹೆಂಡತಿ ಮನೆಯಲ್ಲಿ ಇರಬಾರದು. ಅವಳಿದ್ದರೆ ನೀವು ಬಟ್ಟೆ ಕಟ್ಟುವ ರೀತಿಯನ್ನು ತಿದ್ದುತ್ತಾಳೆ, ನೀವೂ ‘ಟೋಪಿ ಎಲ್ಲಿದೆ’ ಎಂದು ಕೂಗುತ್ತೀರಿ. ತಿದ್ದುವ ಕೈ ಮತ್ತು ಕೇಳುವ ಬಾಯಿ ಎರಡೂ ಒಂದೇ ಮನೆಯಲ್ಲಿದ್ದರೆ ಅಪ್ಪ ಎಂದೆಂದಿಗೂ ಸಹಾಯಕನೇ. ಮಗ ಅಂಗಿಯನ್ನು ಹಿಂದುಮುಂದಾಗಿ ತೊಟ್ಟಿದ್ದರೂ ಅವಳು ಹಿಂತಿರುಗಿದಾಗ ಏನೂ ಅನ್ನಬಾರದು. ಇದು ಅವಳಿಗೆ ನನ್ನ ಕೋರಿಕೆ.

ಕೂಗಿದ್ದರ ಬಗ್ಗೆ. ಒಂದು ಕೂಗಿನಿಂದ ಎಂಟು ತಿಂಗಳ ಮಗುವಿಗೆ ಹಾನಿಯಾಗುವುದಿಲ್ಲ; ಆಮೇಲೆ ನೀವು ಎತ್ತಿಕೊಂಡು ಸಮಾಧಾನ ಮಾಡಿರುತ್ತೀರಿ, ಅವನು ಮರೆತಿದ್ದಾನೆ. ನಾನು ಹೇಳಬೇಕಾದದ್ದು ಮುಂದಿನ ಸಲದ ಬಗ್ಗೆ, ಇದನ್ನು ಗಮನವಿಟ್ಟು ಓದಿ. ಅಳು ನಿಲ್ಲದೆ ನಿಮ್ಮ ಕೈ ನಡುಗುವಷ್ಟು ಸಿಟ್ಟು ಬಂತೆಂದರೆ, ಮಗುವನ್ನು ತೊಟ್ಟಿಲಲ್ಲೋ ನೆಲದ ಹಾಸಿಗೆಯ ಮೇಲೋ ಬೆನ್ನಡಿಯಾಗಿ ಮಲಗಿಸಿ, ಕೋಣೆಯಿಂದ ಹೊರಗೆ ಬನ್ನಿ. ಐದು ನಿಮಿಷ. ಮುಖ ತೊಳೆದುಕೊಳ್ಳಿ. ಸುರಕ್ಷಿತ ಜಾಗದಲ್ಲಿ ಐದು ನಿಮಿಷ ಅತ್ತ ಮಗುವಿಗೆ ಏನೂ ಆಗುವುದಿಲ್ಲ. ಭುಜ ಹಿಡಿದು ಅಲುಗಾಡಿಸಿದ ಮಗುವಿಗೆ ಕೆಲವೇ ಕ್ಷಣಗಳಲ್ಲಿ ಮಿದುಳಿನ ಒಳಗೆ ರಕ್ತಸ್ರಾವವಾಗಬಹುದು. ಅಂಥ ಮಕ್ಕಳನ್ನು ನಾನು ನೋಡಿದ್ದೇನೆ. ಕರೆತಂದವರು ಕೆಟ್ಟವರಾಗಿರಲಿಲ್ಲ, ನಿದ್ದೆಗೆಟ್ಟವರಾಗಿದ್ದರು.

ಸಿಟ್ಟು ದಿನವೂ ಬರುತ್ತಿದ್ದರೆ, ನಿದ್ದೆಗೆ ಅವಕಾಶ ಸಿಕ್ಕರೂ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ರುಚಿ ಇಲ್ಲದೆ ಕೆಲಸದ ನೆಪ ಹೇಳಿ ಬಾಗಿಲು ಹಾಕಿಕೊಳ್ಳಬೇಕು ಅನ್ನಿಸುತ್ತಿದ್ದರೆ, ಅದನ್ನು ಬೇಸರ ಎಂದು ಕರೆದು ಸುಮ್ಮನಾಗಬೇಡಿ. ಬಾಣಂತಿಯರ ಖಿನ್ನತೆ ಈಗ ಎಲ್ಲರಿಗೂ ಗೊತ್ತು. ಹೆಂಡತಿ ಬಸುರಿಯಾದಾಗಿನಿಂದ ಮಗುವಿಗೆ ಒಂದು ವರ್ಷ ತುಂಬುವವರೆಗಿನ ಅವಧಿಯಲ್ಲಿ ಸುಮಾರು ಹತ್ತರಲ್ಲಿ ಒಬ್ಬ ಅಪ್ಪನನ್ನೂ ಖಿನ್ನತೆ ಕಾಡುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲೇ ಲೆಕ್ಕ ಹಾಕಲಾಗಿದೆ. ಗಂಡಸರಲ್ಲಿ ಅದು ಕಣ್ಣೀರಾಗಿ ಬರುವುದಕ್ಕಿಂತ ಸಿಡುಕಾಗಿ, ಕುಡಿತವಾಗಿ, ತಡರಾತ್ರಿಯ ಮೊಬೈಲಾಗಿ ಬರುವುದು ಹೆಚ್ಚು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಿಮ್ಮ ತಾಯಿ. ಅವರ ಮಾತನ್ನು ಹಳೆಯ ಕಾಲದ ಬುದ್ಧಿ ಎಂದು ತಳ್ಳಿಹಾಕುವುದು ಸುಲಭ. ನಮ್ಮ ಒಟ್ಟು ಕುಟುಂಬಗಳಲ್ಲಿ ಹಿರಿಯರ ಎದುರು ಗಂಡಸು ತನ್ನ ಸ್ವಂತ ಮಗುವನ್ನು ಎತ್ತಿ ಮುದ್ದಾಡುವುದು ಮರ್ಯಾದೆಯಲ್ಲ ಎನ್ನುವ ರೂಢಿ ಇತ್ತು. ನನ್ನ ಅಪ್ಪ ನನ್ನನ್ನು ಎತ್ತಿಕೊಂಡ ಒಂದು ನೆನಪೂ ನನಗಿಲ್ಲ. ಅದೇ ಮನುಷ್ಯ ಅಜ್ಜನಾದ ಮೇಲೆ ನನ್ನ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಡಿ ಬೀದಿಯ ಉದ್ದಕ್ಕೂ ನಡೆದರು. ಅವರಿಗೆ ಆಸೆ ಇರಲಿಲ್ಲ ಎಂದಲ್ಲ, ನಲವತ್ತು ವರ್ಷ ಅಪ್ಪಣೆ ಇರಲಿಲ್ಲ. ನಿಮ್ಮ ತಾಯಿಯ ಮಾತಿನ ಹಿಂದೆ, ತಮಗೆ ಯಾರೂ ಹೀಗೆ ಕೈಜೋಡಿಸಲಿಲ್ಲವಲ್ಲ ಎನ್ನುವುದು ಇರಬಹುದು. ಇನ್ನೂ ಸರಳವಾದ ಕಾರಣವೂ ಇರಬಹುದು: ದಣಿವು. ಮೊಮ್ಮಕ್ಕಳಿಬ್ಬರನ್ನು ಹಗಲೆಲ್ಲ ನೋಡಿಕೊಳ್ಳುವುದು ಈ ವಯಸ್ಸಿನಲ್ಲಿ ಅವರು ಕೇಳಿ ಪಡೆದ ಕೆಲಸವೇ? ಮನೆಯಿಂದ ಕೆಲಸ ಎಂದರೆ ನೀವು ಮನೆಯಲ್ಲಿದ್ದೀರಿ ಎಂದರ್ಥವಲ್ಲ. ನೀವು ಮೀಟಿಂಗಿನಲ್ಲಿರುವಾಗ ಮಗುವನ್ನು ನೋಡುವವರು ಅವರೊಬ್ಬರೇ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ, ನಾನೂ ಹೇಳುತ್ತೇನೆ. ಆದರೆ ಕೈಸೋತ ಅಜ್ಜಿಯ ಕೈಯಲ್ಲಿ ಕಡೆಗೆ ಉಳಿಯುವುದು ಮೊಬೈಲೇ. ಹಗಲಿಗೆ ನಾಲ್ಕು ಗಂಟೆಯ ಮಟ್ಟಿಗಾದರೂ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಲು ಸಾಧ್ಯವೇ ನೋಡಿ. ಮತ್ತು ತಾಯಿಯನ್ನು ವಾದದಲ್ಲಿ ಗೆಲ್ಲಲು ಹೋಗಬೇಡಿ. ಮಗುವಿಗೆ ಎಣ್ಣೆ ಹಚ್ಚಿ, ಕಾಲಿನ ಮೇಲೆ ಮಲಗಿಸಿಕೊಂಡು ನೀರೆರೆಯುವುದನ್ನು ಕಲಿಸಿಕೊಡಿ ಎಂದು ಕೇಳಿ. ಕಲಿಸಿಕೊಟ್ಟ ಕೆಲಸವನ್ನು ಆಮೇಲೆ ಅವರೇ ಹಳಿಯುವುದು ಕಷ್ಟ.

ಇದರ ಎದುರು ತುದಿಯ ಅಪಾಯವೂ ಒಂದಿದೆ, ಹೊಗಳಿಕೆ. ಮಗನನ್ನು ಎದೆಗೆ ಕಟ್ಟಿಕೊಂಡು ತರಕಾರಿ ಅಂಗಡಿಗೆ ಹೋದ ದಿನ ನಾಲ್ಕು ಜನ ‘ಎಂಥ ಅಪ್ಪ!’ ಎನ್ನುತ್ತಾರೆ. ನಿಮ್ಮ ಹೆಂಡತಿ ಹಾಗೆ ಹೋದರೆ ‘ಬಿಸಿಲಲ್ಲಿ ಮಗುವನ್ನು ಯಾಕೆ ತಂದಿರಿ’ ಎನ್ನುತ್ತಾರೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ದಿನಕ್ಕೆ 140 ನಿಮಿಷ ಕಳೆಯುತ್ತಾರೆ. ಗಂಡಸರಲ್ಲಿ ಆ ಕೆಲಸಕ್ಕೆ ಕೈ ಹಾಕುವವರೇ ಶೇ 21.4, ಅವರೂ ಕಳೆಯುವುದು 74 ನಿಮಿಷ. ನೀವು ಆ ಎಪ್ಪತ್ನಾಲ್ಕನ್ನು ದಾಟಿರುವುದರಿಂದ ಹೊಗಳಿಕೆ ಬರುತ್ತದೆ. ತೆಗೆದುಕೊಳ್ಳಿ, ಮನೆಗೆ ಬಂದು ಹೆಂಡತಿಗೆ ಹೇಳಬೇಡಿ.

ಕಾನೂನೂ ಇದೇ ಲೆಕ್ಕದಲ್ಲಿದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದಾಗಿ ನಿಮ್ಮ ಹೆಂಡತಿಗೆ 26 ವಾರ ರಜೆ ಸಿಕ್ಕಿತು. ಕೇಂದ್ರ ಸರ್ಕಾರದ ನೌಕರನಾದ ತಂದೆಗೆ ಸಿಗುವುದು 15 ದಿನ. ಖಾಸಗಿ ಕಂಪನಿಯ ನಿಮಗೆ ಕಾನೂನಿನಂತೆ ಒಂದು ದಿನವೂ ಇಲ್ಲ, ಕಂಪನಿ ಕೊಟ್ಟದ್ದೇ ರಜೆ. ಸ್ವೀಡನ್ ದೇಶ 1974ರಲ್ಲೇ ಹೆರಿಗೆ ರಜೆಯನ್ನು ತಂದೆತಾಯಿ ಇಬ್ಬರ ರಜೆಯಾಗಿ ಬದಲಿಸಿತು. ಆದರೂ ಗಂಡಸರು ಬಹಳ ವರ್ಷ ಅದನ್ನು ಮುಟ್ಟಲಿಲ್ಲ. ತೆಗೆದುಕೊಳ್ಳದಿದ್ದರೆ ನಷ್ಟವಾಗುವಂತೆ ಅಪ್ಪನ ಪಾಲನ್ನು ಮೀಸಲಿಟ್ಟ ಮೇಲೆಯೇ ತೊಟ್ಟಿಲ ಗಾಡಿ ತಳ್ಳುವ ಅಪ್ಪಂದಿರು ಅಲ್ಲಿನ ಬೀದಿಯಲ್ಲಿ ಕಾಣತೊಡಗಿದ್ದು. ನಿಮ್ಮ ಕಂಪನಿಯ ನಿಯಮ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಎಷ್ಟೋ ಅಪ್ಪಂದಿರು ಇರುವ ರಜೆಯನ್ನೂ ಕೇಳಿರುವುದಿಲ್ಲ.

ಈಗ ಜಡೆ. ಒದ್ದೆ ಕೂದಲಿನಲ್ಲಿ ಹೆಣೆಯಬೇಡಿ, ಒಣಗಿದ ಮೇಲೆ ಬಿಗಿತ ಕೆಡುತ್ತದೆ. ಪೂರ್ತಿ ಒಣಗಿದ ಕೂದಲಿಗೆ ಅಂಗೈಯಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು ಹಚ್ಚಿ. ಸಿಕ್ಕು ಬಿಡಿಸುವಾಗ ಬುಡವನ್ನು ಒಂದು ಕೈಯಲ್ಲಿ ಹಿಡಿದು ತುದಿಯಿಂದ ಮೇಲಕ್ಕೆ ಬನ್ನಿ. ನೆತ್ತಿಯಿಂದ ಕೆಳಗೆ ಎಳೆದರೆ ಅವಳು ಮತ್ತೆ ‘ಅಪ್ಪ ಬೇಡ’ ಎನ್ನುತ್ತಾಳೆ, ಈ ಸಲ ನ್ಯಾಯವಾಗಿ. ಬೈತಲೆ ತೆಗೆಯಲು ಬಾಚಣಿಗೆಯ ಹಲ್ಲಿಗಿಂತ ಅದರ ಮೂಲೆ ಒಳ್ಳೆಯದು. ಮೊದಲು ಎರಡೂ ಕಡೆ ರಬ್ಬರ್ ಬ್ಯಾಂಡಿನಿಂದ ಜುಟ್ಟು ಕಟ್ಟಿಕೊಂಡು ಆಮೇಲೆ ಹೆಣೆಯಿರಿ. ಹೊಸ ಕೈಗೆ ಅದು ಆಧಾರ. ಮೂರು ಎಳೆ ಸಮನಾಗಿರಲಿ. ಬಲದ್ದು ನಡುವಿನದರ ಮೇಲೆ, ಎಡದ್ದು ನಡುವಿನದರ ಮೇಲೆ, ಪ್ರತಿ ಹೆಣಿಗೆಗೂ ಒಂದಿಷ್ಟು ಎಳೆತ. ಮಗಳು ಮಲಗಿದ ಮೇಲೆ ಕಿಟಕಿಯ ಸರಳಿಗೆ ಮೂರು ಬಣ್ಣದ ಲಾಡಿ ಕಟ್ಟಿ ಒಂದು ವಾರ ಅಭ್ಯಾಸ ಮಾಡಿ, ನಾನು ಹಾಗೆಯೇ ಕಲಿತದ್ದು. ಕಾಲು ಗಂಟೆ ಮುಂಚೆ ಏಳಬೇಕಾಗುತ್ತದೆ. ಅವಳನ್ನು ಎದುರಿಗೆ ಕನ್ನಡಿ ಇಟ್ಟು ಕೂರಿಸಿದರೆ ಅಲುಗಾಡುವುದು ಕಡಿಮೆ. ರಿಬ್ಬನ್ನಿನ ಬಣ್ಣವನ್ನು ಅವಳೇ ಆರಿಸಲಿ, ಸಮವಸ್ತ್ರಕ್ಕೆ ಹೊಂದದಿದ್ದರೂ.